ಮೌಲಾಲಿಯ ತಲೆಯ ಮೇಲಿನ ತೂಕ

ಸುರಪುರದ ರಂಗಂಪೇಟೆಯಲ್ಲಿ ಅಬ್ದುಲ್ ಕರೀಮನದು ತಕ್ಕಡಿ ರಿಪೇರಿಯ ಅಂಗಡಿ. ಕಿರಾಣಿಯವರ ತಕ್ಕಡಿ ಒಂದು ಕಡೆ ವಾಲಿದರೆ, ಹತ್ತಿಯವರ ದೊಡ್ಡ ತಕ್ಕಡಿಯ ಸರಪಳಿ ಹರಿದರೆ ಅಲ್ಲಿಗೇ ಬರಬೇಕು. ಅವನ ಮಗ ಮೌಲಾಲಿ ತೊಟ್ಟಿಲಲ್ಲಿ ಮಲಗಿದ್ದಕ್ಕಿಂತ ತಕ್ಕಡಿಯ ಪರಡಿಯಲ್ಲಿ ಮಲಗಿದ್ದೇ ಹೆಚ್ಚು ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಆದರೆ ಮಗ ಯಾದಗಿರಿಯಲ್ಲಿ ಐಟಿಐ ಮುಗಿಸಿ ಹೊರಬೀಳುವ ಹೊತ್ತಿಗೆ ಕಾಲ ಬದಲಾಗಿತ್ತು. ಮುಳ್ಳು ಹೋಗಿ ಕೆಂಪು ಅಂಕಿ ಬಂದಿತ್ತು. ಅಪ್ಪ ಮುಳ್ಳನ್ನೇ ನೆಚ್ಚಿಕೊಂಡು ಕೂತ. ಮಗ ಕರೆಂಟಿನ ಕಾಟಾ ರಿಪೇರಿಗೆ ಇಳಿದ.

ಕಾಟಾದ ಹೊಟ್ಟೆಯೊಳಗೆ ಲೋಡ್ ಸೆಲ್ ಎಂಬ ಒಂದು ಲೋಹದ ತುಂಡು ಇರುತ್ತದೆ. ಮೇಲೆ ಭಾರ ಬಿದ್ದರೆ ಅದು ಕೂದಲೆಳೆಗಿಂತ ಕಡಿಮೆ ಬಗ್ಗುತ್ತದೆ. ಬಗ್ಗಿದ್ದನ್ನು ಅದಕ್ಕೆ ಅಂಟಿಸಿದ ತಂತಿ ಅಂಕಿ ಮಾಡಿ ಹೇಳುತ್ತದೆ. ಮೌಲಾಲಿಗೆ ಈ ತುಂಡಿನ ಮೇಲೆ ವಿಚಿತ್ರ ಪ್ರೀತಿ. ಯಾದಗಿರಿಯ ಮಾರ್ಕೆಟ್ಟಿನಲ್ಲಿ ತೊಗರಿ ಚೀಲ ತೂಗುವ ಕಾಟಾ, ಶಹಾಪುರದ ಬಂಗಾರದಂಗಡಿಯ ಪುಟ್ಟ ಕಾಟಾ, ಅಂಗನವಾಡಿಯಲ್ಲಿ ಕೂಸುಗಳನ್ನು ತೂಗುವ ಕಾಟಾ, ಎಲ್ಲವನ್ನೂ ಅವನು ಒಂದೇ ಗೌರವದಿಂದ ಬಿಚ್ಚುತ್ತಿದ್ದ.

ಅಂಗನವಾಡಿಯ ಕಾಟಾವೇ ಅವನನ್ನು ಸಿಕ್ಕಿಸಿ ಹಾಕಿದ್ದು. ಶಹಾಪುರದ ಆ ಅಂಗನವಾಡಿಯ ಟೀಚರು ತಸ್ಲೀಮಾ. ಕಾಟಾ ಎಲ್ಲ ಕೂಸುಗಳಿಗೂ ಒಂದೇ ತೂಕ ತೋರಿಸುತ್ತಿದೆ ಎಂದು ಫೋನ್ ಮಾಡಿದ್ದಳು. ಮೌಲಾಲಿ ಬಂದು ರಿಪೇರಿ ಮಾಡಿ, ಸರಿಯಾಗಿದೆಯೋ ಇಲ್ಲವೋ ನೋಡಲು ತಾನೇ ಅದರ ಮೇಲೆ ಕೂತ. ಇಪ್ಪತ್ತು ಕಿಲೋ ಮೇಲೆ ತಡೆಯದ ಕಾಟಾ ಅದು. ಕಟ್ ಎಂದಿತು. ತಸ್ಲೀಮಾ ನಗಲಿಲ್ಲ, ಕೂಸುಗಳು ನಕ್ಕವು.

“ಈಗ ಇದಕ್ಕ ಇನ್ನೊಮ್ಮಿ ಬರಬೇಕಾಗ್ತದೇನ್ರಿ?” ಎಂದು ಅವಳು ಕೇಳಿದಳು.

“ಬರಬೇಕಾಗ್ತದ್ರಿ,” ಎಂದ ಮೌಲಾಲಿ. ಆ ಕಾಟಾ ಪೂರಾ ಸರಿಯಾಗಲು ನಾಲ್ಕೈದು ಸಲ ಬರಬೇಕಾಯಿತು.

ಅಷ್ಟರಲ್ಲಿ ಹೈದರಾಬಾದಿನ ಒಂದು ಕಂಪನಿಯವರು ಅವನನ್ನು ಕೆಲಸಕ್ಕೆ ಕರೆದರು. ಅವರು ಲಾರಿ ತೂಗುವ ಕಾಟಾಗಳಿಗೆ ಸೆಲ್ ಮಾರುವುದರ ಜೊತೆಗೆ ಕಲ್ಲಿದ್ದಲು ಗಣಿಗಳಿಗೂ ಮಾರುತ್ತಿದ್ದರು. ತೆಲಂಗಾಣದಲ್ಲಿ ಗೋದಾವರಿಯ ಕಡೆಯ ಒಂದು ಗಣಿಗೆ ಅವನನ್ನು ಹಚ್ಚಿದರು. ನೆಲದೊಳಗೆ ಕಲ್ಲಿದ್ದಲು ಅಗೆದು ಸುರಂಗ ಮಾಡಿಕೊಂಡು ಹೋಗುವಾಗ ತಲೆಯ ಮೇಲಿನ ಬಂಡೆ ಕುಸಿಯದಂತೆ ಅದಕ್ಕೆ ತೂತು ಕೊರೆದು, ಆಳುದ್ದದ ಉಕ್ಕಿನ ಸರಳು ಏರಿಸಿ, ಅಂಟು ಹಾಕಿ, ಕೆಳಗೆ ಒಂದು ಬಿಲ್ಲೆ ಕೂಡಿಸಿ ನಟ್ ಬಿಗಿಯುತ್ತಾರೆ. ಅದಕ್ಕೆ ಬೋಲ್ಟ್ ಎನ್ನುತ್ತಾರೆ. ಅಲ್ಲಲ್ಲಿ ಕೆಲವು ಬೋಲ್ಟುಗಳಿಗೆ ಬಿಲ್ಲೆಗೂ ನಟ್ಟಿಗೂ ನಡುವೆ ದಪ್ಪ ಬಳೆಯಂಥ ಲೋಡ್ ಸೆಲ್ ಕೂಡಿಸುತ್ತಾರೆ. ಮೇಲಿನ ಬಂಡೆ ಜಗ್ಗಿದಷ್ಟೂ ಬಳೆ ಹಿಸುಕಿಸಿಕೊಳ್ಳುತ್ತದೆ. ಎಷ್ಟು ಹಿಸುಕಿಸಿಕೊಂಡಿತು ಎಂದು ದಿನಾ ಓದಿ ಹೇಳುವುದು ಮೌಲಾಲಿಯ ಕೆಲಸ.

ಮೊದಲ ದಿನ ಗಣಿಯಿಂದ ಹೊರಬಂದವನೇ ಅಪ್ಪನಿಗೆ ಫೋನ್ ಮಾಡಿದ.

“ಅಬ್ಬಾ, ಇಲ್ಲಿ ಕಾಟಾ ಉಲ್ಟಾ ಅದ. ಛತ್ತಿಗಿ ತೂಗಹಾಕ್ಯಾರ.”

ಅಬ್ದುಲ್ ಕರೀಮ ಸ್ವಲ್ಪ ಯೋಚಿಸಿದ. “ಗಿರಾಕಿ ಯಾರು?”

“ಗುಡ್ಡ.”

“ಗುಡ್ಡ ಚೌಕಾಶಿ ಮಾಡಂಗಿಲ್ಲ. ಚಲೋ ಗಿರಾಕಿ,” ಎಂದು ಅಪ್ಪ ಫೋನ್ ಇಟ್ಟ.

ಕೆಲಸ ಕಾಯಂ ಆಗಿ ಗಣಿಯ ಊರಲ್ಲಿ ಕ್ವಾರ್ಟರ್ಸ್ ಸಿಕ್ಕ ಮೇಲೆ ಸುರಪುರದಿಂದ ಶಹಾಪುರಕ್ಕೆ ಮದುವೆಯ ಮಾತು ಹೋಯಿತು. ತಸ್ಲೀಮಾಳ ಅಪ್ಪ ತೀರಿ ಬಹಳ ದಿನ ಆಗಿತ್ತು; ಮನೆಯ ಯಜಮಾನಿಕೆ ತಾಯಿ ಖುರ್ಷೀದಬೇಗಂಳದು. ಆಕೆ ಹಳೆ ಸೀರೆ, ಲುಂಗಿಗಳನ್ನು ಪದರು ಪದರು ಹಾಸಿ ಕೌದಿ ಹೊಲಿದೇ ಮಗಳನ್ನು ಓದಿಸಿದವಳು. ಹುಟ್ಟಿದ್ದು ವನದುರ್ಗದಲ್ಲಿ. ಸಣ್ಣವಳಿದ್ದಾಗ ಅಲ್ಲಿ ಒಂದು ಮಳೆಗಾಲ ಅವರ ಮನೆಯ ಮಣ್ಣಿನ ಛಾವಣಿ ಎಮ್ಮೆಯ ಮೇಲೆ ಬಿದ್ದಿತ್ತು. ಎಮ್ಮೆ ಎದ್ದು ಮೈ ಕೊಡವಿ ಹೊರಗೆ ಬಂತು, ಏನೂ ಆಗಲಿಲ್ಲ. ಆದರೆ ಖುರ್ಷೀದಬೇಗಂಳಿಗೆ ಆಗಿತ್ತು. ಅಂದಿನಿಂದ ಆಕೆ ಯಾರ ಮನೆಗೆ ಹೋದರೂ ಮೊದಲು ಮೇಲೆ ನೋಡುವಳು, ಆಮೇಲೆ ಸಲಾಂ ಹೇಳುವಳು.

ಅಂಥವಳ ಮುಂದೆ ಕೂತು ಮೌಲಾಲಿ ತನ್ನ ಕೆಲಸ ವಿವರಿಸಿದ. ಮನೆಯೊಳಗೆ ಅವರ ಮಾತೆಲ್ಲ ದಖನಿಯಲ್ಲೇ. ಇಲ್ಲಿ ಅದನ್ನು ಓಣಿಯ ಕನ್ನಡಕ್ಕೆ ತಂದಿದ್ದೇನೆ.

“ಛತ್ ಕೆ ಬೋಲ್ಟ್ ದೇಖ್‍ತೂಂ, ಖಾಲಾ,” ಎಂದು ಅವನು ಶುರುಮಾಡಿದ.

ಛತ್ತಿನ, ಅಂದರೆ ಛಾವಣಿಯ, ಬೋಲ್ಟ್ ನೋಡುತ್ತೇನೆ ಚಿಕ್ಕಮ್ಮಾ ಎಂದು ಅವನು ಹೇಳಿದ್ದು. ಛತ್ತು ‘ಬೋಲ್ತಾ’, ಅಂದರೆ ಮಾತಾಡುತ್ತದೆ ಎಂದು ಆಕೆ ಕೇಳಿಸಿಕೊಂಡಳು.

“ಛತ್ ಮಾತಾಡ್ತದ?”

“ಇಲ್ಲ ಖಾಲಾ, ಬೋಲ್ಟ್. ಕಬ್ಬಿಣದ್ದು.” ಎಂದವನು ಸುಮ್ಮನಾಗಬಹುದಿತ್ತು. ಆದರೆ ಸತ್ಯ ಹೇಳುವ ಚಪಲ. “ಹಂಗ ನೋಡಿದ್ರ ಛತ್ ಮಾತಾಡೋದೂ ಖರೇ. ಬೀಳೂ ಮುಂದ ಕಟಕಟ ಅಂತದ.”

ಪಕ್ಕದ ಕೋಣೆಯಲ್ಲಿ ತಸ್ಲೀಮಾ ಹಣೆ ಹಣೆ ಬಡಿದುಕೊಂಡದ್ದು ಕೇಳಿಸಿತು. ಖುರ್ಷೀದಬೇಗಂ ಚಹಾದ ಕಪ್ಪು ಕೆಳಗಿಟ್ಟಳು.

“ಬೀಳೋ ಛತ್ತಿನ ಬುಡಕ ನಿಂತು ಅದು ಏನಂತದ ಅಂತ ಕೇಳಾಂವಗ ನಾ ಮಗಳನ್ನ ಕೊಡಂಗಿಲ್ಲ ಬಾಬಾ. ನೀ ಚಲೋ ಹುಡುಗ ಅದಿ. ಬಿಸ್ಕೀಟ್ ತಿನ್ನು.”

ಮೌಲಾಲಿ ಬಿಸ್ಕೀಟು ತಿಂದ. ಆಮೇಲೆ ಸುರಪುರದ ಬಸ್ಸು ಹತ್ತಿದ.

ತಸ್ಲೀಮಾ ಅಳಲಿಲ್ಲ, ಊಟ ಬಿಡಲಿಲ್ಲ. ಎಂಟು ದಿನ ಬಿಟ್ಟು ತಾಯಿ ಕೌದಿಗೆ ದಾರ ಪೋಣಿಸುತ್ತಿದ್ದಾಗ ಸುಮ್ಮನೆ ಒಂದು ಮಾತು ಎತ್ತಿದಳು: “ನೀ ಆ ಛತ್ ನೋಡೇ ಇಲ್ಲಲ್ಲ ಅಮ್ಮೀ. ನೋಡದ್ದಕ್ಕ ಹೆಸರಿಡೋದು ಅಂದ್ರ...”

ಖುರ್ಷೀದಬೇಗಂ ದಾರ ಕಚ್ಚಿ ಹರಿದಳು. “ಖರೇ. ನೋಡ್ತೀನಿ.”

ಅತ್ತೆಯಾಗುವವಳು ಗಣಿಯ ಛತ್ತು ನೋಡಲು ಬರುತ್ತಾಳೆಂಬ ಫೋನ್ ಬಂದಾಗ ಮೌಲಾಲಿಗೆ ಗಣಿ ಕುಸಿದರೂ ಆಗದಷ್ಟು ಭಯವಾಯಿತು. ಆಕೆ ಶಹಾಪುರದಿಂದ ಯಾದಗಿರಿಗೆ ಬಸ್ಸು, ಯಾದಗಿರಿಯಿಂದ ಸಿಕಂದರಾಬಾದಿಗೆ ರೈಲು, ಅಲ್ಲಿಂದ ಇನ್ನೊಂದು ರೈಲು ಹಿಡಿದು, ಬುರ್ಖಾದ ಮೇಲೆ ತಲೆಗೆ ಒಂದು ಟವೆಲ್ಲು ಸುತ್ತಿಕೊಂಡು, ಕೈಯಲ್ಲಿ ಜೋಳದ ಕಟಿ ರೊಟ್ಟಿಯ ಗಂಟು ಹಿಡಿದುಕೊಂಡು ಇಳಿದಳು. ಸ್ಟೇಷನ್ನಿನ ಶೀಟಿನ ಛಾವಣಿ ನೋಡಿ, “ಇದು ಸುಮಾರು,” ಎಂದಳು. ಆಮೇಲೆ ಸಲಾಂ ಹೇಳಿದಳು.

ಹೊರಗಿನವರನ್ನು ಗಣಿಯೊಳಗೆ ಹಾಗೆಲ್ಲ ಬಿಡುವುದಿಲ್ಲ. ಮೌಲಾಲಿ ಸೇಫ್ಟಿ ಆಫೀಸರ ಮುಂದೆ ಹೋಗಿ ನಿಂತು, ಮದುವೆಯ ಮಾತು ಎಲ್ಲಿಗೆ ಬಂದು ನಿಂತಿದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದ. ಆಫೀಸರು ತೆಲುಗಿನವರು, ಇಬ್ಬರು ಹೆಣ್ಣುಮಕ್ಕಳ ತಂದೆ. ಗಂಭೀರವಾಗಿ ಕೇಳಿಸಿಕೊಂಡು, “ಆಕೆ ಕೇಳುವುದು ಸರಿಯಾಗಿಯೇ ಇದೆ,” ಎಂದರು. ಹೊಸ ಕೆಲಸಗಾರರಿಗೆ ಕಲಿಸಲು ಮೇಲೆ ಬಯಲಲ್ಲೇ ಕಟ್ಟಿದ ಒಂದು ಮಾದರಿ ಸುರಂಗವಿತ್ತು. ಅಲ್ಲಿಗೆ ಕರೆದುಕೊಂಡು ಬರಲು ಹೇಳಿ ತಾವೇ ಬಂದರು.

ಖುರ್ಷೀದಬೇಗಂಳ ತಲೆಗೆ ಹಳದಿ ಹೆಲ್ಮೆಟ್ ಹಾಕಿದರು. ಟವೆಲ್ಲಿನ ಮೇಲೆ ಅದು ಕೂಡಲಿಲ್ಲ, ಆಕೆ ಟವೆಲ್ಲು ತೆಗೆಯಲಿಲ್ಲ. ಒಂದು ಕೈಯಲ್ಲಿ ಹೆಲ್ಮೆಟ್ ಹಿಡಿದುಕೊಂಡೇ ಒಳಗೆ ಹೋದಳು. ಆಫೀಸರ ಹಿಂದಿ ತೆಲುಗಿನ ಕಡೆಗೆ ವಾಲುತ್ತಿತ್ತು, ಆಕೆಯ ದಖನಿ ಕನ್ನಡದ ಕಡೆಗೆ. ಆದರೂ ಒಬ್ಬರ ಮಾತು ಒಬ್ಬರಿಗೆ ತಿಳಿಯಿತು. ಮೇಲಿನ ಬಂಡೆ ಒಂದೇ ಗಟ್ಟಿಯಲ್ಲ, ಪದರು ಪದರಾಗಿರುತ್ತದೆ, ಬಿಟ್ಟರೆ ಒಂದೊಂದೇ ಪದರು ಕಳಚಿ ಬೀಳುತ್ತದೆ, ಬೋಲ್ಟು ಎಲ್ಲ ಪದರುಗಳನ್ನೂ ಸೇರಿಸಿ ಹಿಡಿಯುತ್ತದೆ ಎಂದು ಅವರು ತೋರಿಸಿದರು.

ಆಕೆ ತಲೆಯೆತ್ತಿ ಸಾಲಾಗಿದ್ದ ಬಿಲ್ಲೆಗಳನ್ನು ನೋಡುತ್ತ ನಿಂತಳು. ಬಹಳ ಹೊತ್ತು ನಿಂತಳು.

“ಇದು ಕೌದಿ,” ಎಂದಳು ಕೊನೆಗೆ.

“ಏನು?” ಎಂದರು ಆಫೀಸರು.

“ಕೌದಿ ಹೊಲ್ದೀರಿ ನೀವು. ಪದರಿಗಿ ಟಾಕಿ ಹಾಕೀರಿ. ಟಾಕಿ ನಡಬರಕ ಇಷ್ಟು ದೂರ ಯಾಕ ಬಿಟ್ಟೀರಿ?”

ಆಫೀಸರು ಎಷ್ಟು ದೂರ ಬಿಡಬೇಕೆಂಬ ಲೆಕ್ಕ ವಿವರಿಸಿದರು. ಆಕೆ ಇನ್ನೊಂದು ಕೈ ಎತ್ತಿ ಗಾಳಿಯಲ್ಲೇ ಗೇಣು ಹಾಕಿ ನೋಡಿ ಪರವಾಗಿಲ್ಲ ಎಂಬಂತೆ ತಲೆಯಾಡಿಸಿದಳು. “ದಾರ ಬಿಗೀತು, ಹರೀಲಾಕ ಬಂತು ಅಂದ್ರ ಹ್ಯಾಂಗ ಗೊತ್ತಾಗ್ತದ?”

“ಅದಕ್ಕೇ ಇವನಿರುವುದು,” ಎಂದು ಆಫೀಸರು ಒಂದು ಬಿಲ್ಲೆಯ ಕೆಳಗಿನ ದಪ್ಪ ಬಳೆಯನ್ನು ತೋರಿಸಿ, ಮೌಲಾಲಿಯ ಹೆಗಲ ಮೇಲೆ ಕೈಯಿಟ್ಟರು.

ಖುರ್ಷೀದಬೇಗಂ ಆಗ ಮೊದಲ ಸಲ ಅವನನ್ನು ಬೇರೆ ರೀತಿ ನೋಡಿದಳು. ಆ ದಿನ ಆಫೀಸರಿಗೂ ಕಟಿ ರೊಟ್ಟಿ, ಶೇಂಗಾ ಹಿಂಡಿ ಸಿಕ್ಕವು. ವಾಪಸು ರೈಲು ಹತ್ತುವಾಗ ಆಕೆ ತನ್ನ ಶರತ್ತು ಹೇಳಿದಳು.

“ಒಳಗ ಇರೋ ಬೋಲ್ಟಿನ್ಯಾಗ ನಿನಗ ಯಾವುದರ ಅಂಜಿಕಿ ಭಾಳ?”

ಮೌಲಾಲಿ ಯೋಚಿಸಿದ. “ಕಲ್ಲಿದ್ದಲು ಖಾಲಿ ಮಾಡ್ಕೋತ ಹೊಂಟ ಕಡಿಗಿ ಒಂದು ಅದ. ಎರಡು ಸುರಂಗ ಕೂಡೋ ಜಾಗ.”

“ಅದರ ತೂಕ ದಿನಾ ನನಗ ಹೇಳಬೇಕು. ನಿಕಾಹ್ ಆದ ಮ್ಯಾಲೂ.”

“ದಿನಾ?”

“ದಿನಾ. ಹಬ್ಬಕ್ಕ ಮಾಫ್.”

ಮದುವೆಯಾಯಿತು. ತಸ್ಲೀಮಾ ಕೆಲಸ ಬಿಟ್ಟು ಬಂದು ಗಣಿಯ ಊರಿನ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದಳು. ಮೌಲಾಲಿ ಪಾಳಿ ಮುಗಿಸಿ ಬಂದು ಮೈ ತೊಳೆದು, ಮಸಿ ಕಿವಿಯೊಳಗೇ ಉಳಿದಿರುವಾಗಲೇ ಅತ್ತೆಗೆ ಫೋನ್ ಹಚ್ಚುತ್ತಿದ್ದ.

“ಇವತ್ತ ಎಷ್ಟು?”

“ನಾಕೂವರಿ ಟನ್, ಖಾಲಾ.”

“ಚೀಲದಾಗ ಹೇಳು.”

“ನಲವತ್ತೈದು ಚೀಲ ತೊಗರಿ.”

“ನಿನ್ನಿನೂ ಅಷ್ಟೇ ಇತ್ತಲ್ಲ. ಚಲೋ. ಉಣ್ಣು.”

ಖುರ್ಷೀದಬೇಗಂಳಿಗೆ ಕಿವಿ ಸ್ವಲ್ಪ ಮಂದ. ಫೋನನ್ನು ಸ್ಪೀಕರಿಗೆ ಹಾಕಿ ಬಾಗಿಲ ಕಟ್ಟೆಯ ಮೇಲೆ ಕೂತು ಮಾತಾಡುವಳು. ಎದುರಿಗೇ ಬಸವಂತ್ರಾಯನ ಕಿರಾಣಿ ಅಂಗಡಿ. ಅವನು ಮೊದಮೊದಲು ಕೇಳಿಯೂ ಕೇಳಿಸದವನ ಹಾಗೆ ಸಕ್ಕರೆ ಕಟ್ಟುತ್ತಿದ್ದ. ವಾರ ಕಳೆಯುವಷ್ಟರಲ್ಲಿ ಸಂಜೆ ಫೋನ್ ಬರುವುದು ತಡವಾದರೆ ಅವನೇ, “ಯಾಕ್ರಿ ಬೇಗಂಬಿ, ಇವತ್ತ ಛತ್ ಬಂದಿಲ್ಲೇನು?” ಎನ್ನತೊಡಗಿದ. ಅವನ ಹೆಂಡತಿ ಹನುಮಮ್ಮ ಅಕ್ಕಿ ಆರಿಸುತ್ತ ಕಿವಿಗೊಡುತ್ತಿದ್ದಳು. ಅಂಗಡಿಗೆ ಬಂದವರು ಉಪ್ಪು, ಎಣ್ಣೆಯ ಜೊತೆಗೆ ಆ ಅಂಕಿಯನ್ನೂ ಒಯ್ದರು. ಬಂಗಾರದ ರೇಟು, ಹತ್ತಿಯ ರೇಟು ಕೇಳುವಂತೆ ಆ ಓಣಿಯ ಜನ ಎಲ್ಲೋ ಗೋದಾವರಿಯ ಕಡೆ ನೆಲದಡಿಯ ಒಂದು ಬೋಲ್ಟಿನ ತೂಕ ಕೇಳಿ ಮನೆಗೆ ಹೋಗುವಂತಾಯಿತು.

ಆದರೆ ಬೋಲ್ಟಿಗೆ ಓಣಿಯ ಮೇಲೆ ಕರುಣೆ ಇರಲಿಲ್ಲ. ನಾಲ್ಕೂವರೆ ಎಂದರೆ ನಾಲ್ಕೂವರೆ. ಬೇಸಿಗೆ ಮುಗಿದು ಮಳೆಗಾಲ ಬಂದರೂ ಅಷ್ಟೇ. ಬಸವಂತ್ರಾಯ ಬೇಸತ್ತುಹೋದ. “ಭಾಳ ಸಪ್ಪಗ ಅದ್ರಿ ನಿಮ್ಮ ಅಳಿಯನ ಛತ್,” ಎಂದ.

“ಸಪ್ಪಗೇ ಇರ್ಲಿ ಬಿಡು ಬಸವಂತ್ರಾಯ. ಖಾರ ಆದ್ರ ನಮಗ ಬ್ಯಾಡ,” ಎಂದಳು ಖುರ್ಷೀದಬೇಗಂ.

ಮಳೆಗಾಲದ ಕೊನೆಗೆ ಖಾರವಾಗತೊಡಗಿತು. ಆ ಭಾಗದಲ್ಲಿ ಆಸರೆಗೆಂದು ಬಿಟ್ಟಿದ್ದ ಕಲ್ಲಿದ್ದಲಿನ ಕಂಬಗಳನ್ನೂ ಒಂದೊಂದಾಗಿ ತೆಗೆಯುತ್ತ ಬಂದಿದ್ದರು. ಹಾಗೆ ತೆಗೆದಾಗ ಬಂಡೆ ತನ್ನ ಭಾರವನ್ನು ಉಳಿದ ಕಡೆಗೆ ಹೊರಿಸುತ್ತದೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ನಾಲ್ಕೂವರೆ ಐದಾಯಿತು, ಆರಾಯಿತು. ಓಣಿಯಲ್ಲಿ ಜೀವ ಬಂತು. ಏಳಾದ ದಿನ ಹನುಮಮ್ಮ ಅಕ್ಕಿಯ ಮೊರ ಕೆಳಗಿಟ್ಟಳು.

ಒಂಬತ್ತಾದ ದಿನ ಮೌಲಾಲಿ ಮನೆಗೆ ಬಂದು ಫೋನ್ ಕೈಯಲ್ಲಿ ಹಿಡಿದು ಸುಮ್ಮನೆ ಕೂತ. ಗಣಿಯೊಳಗೆ ಆ ಅಂಕಿಯನ್ನು ಅವನು ಬೆಳಿಗ್ಗೆಯೇ ಓದಿದ್ದ, ಆಫೀಸರಿಗೆ ಹೇಳಿದ್ದ. ಅವರು ಅಲ್ಲಿದ್ದ ಜನರನ್ನೆಲ್ಲ ಹಿಂದಕ್ಕೆ ಕರೆಸಿ ಬೇಲಿ ಹಾಕಿಸಿದ್ದರು. ಎಲ್ಲ ಆಗಬೇಕಾದ ಹಾಗೆಯೇ ಆಗಿತ್ತು. ಅಲ್ಲಿ ಅದು ಬರೀ ಅಂಕಿ. ಅವನ ಎದೆ ಹೊಡೆದುಕೊಂಡಿರಲಿಲ್ಲ. ಅದನ್ನೇ ಖುರ್ಷೀದಬೇಗಂಳಿಗೆ ಹೇಳಬೇಕು ಎಂದಾಗ ಮಾತ್ರ ತೊಂಬತ್ತು ಚೀಲ ತೊಗರಿ ಅವನ ಕಣ್ಣ ಮುಂದೆ ಒಟ್ಟಿ ನಿಂತಿತು, ಅದರ ಬುಡದಲ್ಲಿ ತಾನು.

“ಸುಳ್ಳ ಹೇಳಬ್ಯಾಡ್ರಿ,” ಎಂದಳು ತಸ್ಲೀಮಾ. “ಅಮ್ಮಿಗಿ ದನ್ಯಾಗೇ ಗೊತ್ತಾಗ್ತದ.”

ಮೌಲಾಲಿ ಕೇಳಲಿಲ್ಲ. ಫೋನ್ ಹಚ್ಚಿ, “ನಾಕೂವರಿ, ಖಾಲಾ,” ಎಂದ.

“ನಿನ್ನಿ ಏಳೂವರಿ ಇತ್ತು. ಛತ್ತಿನ ಮ್ಯಾಲಿನ ಗುಡ್ಡ ಜಾತ್ರಿಗಿ ಹೋಗ್ಯಾದೇನು?”

ಹಿಂದೆ ಬಸವಂತ್ರಾಯ ಕೆಮ್ಮಿದ್ದು ಕೇಳಿಸಿತು. ಮೌಲಾಲಿ ಸೋತ. “ಒಂಬತ್ತು, ಖಾಲಾ.”

“ಬುಡಕ ಮಂದಿ ಅದಾರೇನು?”

“ಇಲ್ಲ. ಎಲ್ಲಾರನ್ನೂ ಹಿಂದಕ್ಕ ಕರ್ಸ್ಯಾರ.”

“ನೀ?”

“ನಾ ಓದಬೇಕಲ್ಲ. ಆದ್ರ ದೂರದಿಂದ ಓದ್ತೀನಿ. ಸೆಲ್ಲಿನಿಂದ ವೈರ್ ಎಳದಾರ, ಗಟ್ಟಿ ಜಾಗದಾಗ ನಿಂತು ಡಬ್ಬಿ ಹಚ್ಚಿ ನೋಡೋದು.”

“ವೈರ್ ಎಷ್ಟು ಉದ್ದ ಅದ?”

ಹೇಳಿದ.

“ಸಣ್ಣದಾಯ್ತು,” ಎಂದು ಆಕೆ ಫೋನ್ ಇಟ್ಟಳು.

ಮೂರನೆಯ ದಿನ ಸಿಕಂದರಾಬಾದಿನ ರೈಲಿಗೆ ಪಾರ್ಸಲ್ ಬಂದಿದೆ ಎಂದು ಸ್ಟೇಷನ್ನಿನಿಂದ ಕರೆದರು. ಬಿಚ್ಚಿ ನೋಡಿದರೆ ಮನೆಗೆ ಕರೆಂಟು ಎಳೆಯುವ ಕೆಂಪು ವೈರಿನ ದೊಡ್ಡ ಸುರುಳಿ. ಮೇಲೆ ಶಹಾಪುರದ ಇಲೆಕ್ಟ್ರಿಕಲ್ ಅಂಗಡಿಯ ಚೀಟಿ. ಓಣಿಯವರೆಲ್ಲ ಸೇರಿ ಕೊಟ್ಟದ್ದೆಂದೂ, ಬಸವಂತ್ರಾಯನ ಪಾಲು ದೊಡ್ಡದೆಂದೂ ತಸ್ಲೀಮಾ ತಾಯಿಯಿಂದ ತಿಳಿದು ಹೇಳಿದಳು. ಗಣಿಯೊಳಗೆ ಬೆಂಕಿಯ ಭಯ. ಅಲ್ಲಿ ಕಿಡಿ ಹಾರದ ಬೇರೆಯದೇ ವೈರು ಬೇಕು, ಕಂಡಕಂಡದ್ದನ್ನು ಒಯ್ಯುವಂತಿಲ್ಲ. ಮೌಲಾಲಿ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ನಗು ಬಂತು, ಕಣ್ಣಲ್ಲಿ ನೀರೂ ಬಂತು. ನೀರಿಗೆ ಮಸಿ ಕಾರಣ ಎಂದು ಹೆಂಡತಿಗೆ ಹೇಳಿದ.

“ಹಾಕ್ದೇನು ವೈರ್?” ಎಂದು ಆ ಸಂಜೆ ಖುರ್ಷೀದಬೇಗಂ ಕೇಳಿದಳು.

“ಹಾಕೀನಿ, ಖಾಲಾ. ಭಾಳ ಉಪಯೋಗ ಆಯ್ತು,” ಎಂದ. ಸುಳ್ಳಲ್ಲ. ತಸ್ಲೀಮಾ ಹಿತ್ತಿಲಲ್ಲಿ ಅದನ್ನು ಕಟ್ಟಿ ಅವನ ಮಸಿ ಬಟ್ಟೆಗಳನ್ನು ಒಣಹಾಕಿದ್ದಳು.

ಬೋಲ್ಟು ಹತ್ತಾಯಿತು. ಹನ್ನೆರಡಾಯಿತು. ಶಹಾಪುರದಲ್ಲಿ ಹನುಮಮ್ಮ ಶರಣಬಸಪ್ಪನಿಗೆ ಕಾಯಿ ಹರಕೆ ಹೊತ್ತಳು. ಹದಿನಾಲ್ಕಾದ ದಿನ ಬಸವಂತ್ರಾಯ ಅಂಗಡಿಯ ಒಳಗಿನಿಂದ ತನ್ನ ಕುರ್ಚಿಯನ್ನು ಹೊರಗೆ ಬಯಲಿಗೆ ಹಾಕಿಕೊಂಡು ಕೂತ. ಯಾಕೆಂದು ಕೇಳಿದರೆ ಸೆಕೆ ಎಂದ.

ಮರುದಿನ ಮಧ್ಯಾಹ್ನ ಮೌಲಾಲಿ ಬೇಲಿಯ ಈಚೆ, ಗಟ್ಟಿ ಜಾಗದಲ್ಲಿ, ಇನ್ನಿಬ್ಬರೊಡನೆ ನಿಂತು ಡಬ್ಬಿಗೆ ವೈರು ಹಚ್ಚಿದ್ದ. ಅಂಕಿ ನೋಡನೋಡುತ್ತ ಏರಿತು. ಒಳಗೆಲ್ಲೋ ಕಟಕಟ ಶುರುವಾಯಿತು, ಯಾರೋ ದೊಡ್ಡ ಹಲ್ಲಿನವನು ಕಲ್ಲುಸಕ್ಕರೆ ಕಡಿದ ಹಾಗೆ. ಮೂವರೂ ಇನ್ನಷ್ಟು ಹಿಂದಕ್ಕೆ ಸರಿದರು. ಆಮೇಲೆ ಒಂದು ಗಾಳಿ ಬಂತು, ಅದರ ಹಿಂದೆ ಸದ್ದು, ಸದ್ದಿನ ಹಿಂದೆ ಧೂಳು. ಎಲ್ಲ ಅಡಗಿದಾಗ ಡಬ್ಬಿಯಲ್ಲಿ ಅಂಕಿ ಇರಲಿಲ್ಲ, ಬರೀ ಒಂದು ಅಡ್ಡಗೆರೆ. ಒಬ್ಬರಿಗೂ ಉಗುರು ಮುರಿದಿರಲಿಲ್ಲ. ಆ ಭಾಗದ ಕಲ್ಲಿದ್ದಲು ಮುಗಿದ ಮೇಲೆ ಛತ್ತು ಬೀಳಲಿ ಎಂದೇ ಬಿಟ್ಟಿದ್ದದ್ದು; ಒಂದೆರಡು ದಿನ ಮೊದಲೇ ಬಿತ್ತು ಅಷ್ಟೇ. ಆಫೀಸರು ಬಂದು ಮೂವರ ತಲೆಯನ್ನೂ ಹೆಲ್ಮೆಟ್ ಮೇಲಿಂದಲೇ ಮುಟ್ಟಿ ನೋಡಿ ಚಹಾಕ್ಕೆ ಕಳಿಸಿದರು.

ಸಂಜೆ ಓಣಿ ಪೂರ್ತಿ ಕಟ್ಟೆಯ ಸುತ್ತ ಕಾಯುತ್ತಿತ್ತು. ಫೋನ್ ಬಂತು.

“ಎಷ್ಟು?” ಎಂದಳು ಖುರ್ಷೀದಬೇಗಂ.

“ಬಿತ್ತು, ಖಾಲಾ. ಯಾರಿಗೂ ಏನೂ ಆಗಿಲ್ಲ. ನಾ ಮನ್ಯಾಗ ಅದೀನಿ, ತಸ್ಲೀಮಾ ಬಾಜೂಕ ಅದಾಳ.”

“ಅದೀನಿ ಅಮ್ಮೀ,” ಎಂದಳು ತಸ್ಲೀಮಾ.

ಓಣಿ ಉಸಿರು ಬಿಟ್ಟಿತು. ಖುರ್ಷೀದಬೇಗಂ ಮಾತ್ರ ಮೆಲ್ಲಗೆ, “ಆ ತೂಕ ಹೇಳೋ ಬಳಿ? ಅದನ್ನ ತಕ್ಕೊಂಡ್ರೇನು?” ಎಂದು ಕೇಳಿದಳು.

“ಇಲ್ಲ. ಅದು ಬುಡಕ ಸಿಕ್ಕೊಂಡು ಹೋಯ್ತು. ಕಡೀ ತನಕ ತೂಕ ಹೇಳ್ಕೋತೇ ಇತ್ತು.”

“ಅಯ್ಯ, ಪಾಪ,” ಎಂದಳು ಆಕೆ.

ಮರುದಿನ ಖುರ್ಷೀದಬೇಗಂಳ ಮನೆಯಲ್ಲಿ ದೊಡ್ಡ ಪಾತ್ರೆ ಇಳಿಸಿ ಬೆಲ್ಲ, ಸೋಂಪು ಹಾಕಿ ಸಿಹಿ ಅನ್ನ ಮಾಡಿದರು. ಆಕೆಯೇ ತಟ್ಟೆಗೆ ಹಾಕಿ ಮನೆಮನೆಗೆ ಹೊತ್ತುಕೊಂಡು ಹೋದಳು. ಬಸವಂತ್ರಾಯ ತಟ್ಟೆ ಇಸಿದುಕೊಂಡು, “ಇದು ಅಳಿಯ ಉಳಿದದ್ದಕ್ಕೋ, ಏನ್ರಿ?” ಎಂದು ಕೇಳಿದ.

“ಅಳಿಯಂದು ಬ್ಯಾರೆ ಮಾಡ್ತೀನಿ, ಬಕ್ರೀದಕ್ಕ,” ಎಂದಳು ಆಕೆ. “ಇದು ಆ ಕಬ್ಬಿಣದ ಬಳಿ ಹೆಸರಿಲೆ, ತೀರಿದವರಿಗಿ ಮಾಡ್ತಾರಲ್ಲ ಹಂಗ. ಅದಕ್ಕ ಹಿಂದ ಮುಂದ ಯಾರೂ ಇಲ್ಲ.”

ಬಸವಂತ್ರಾಯ ಕಾಲಲ್ಲಿದ್ದ ಚಪ್ಪಲಿ ಬಿಟ್ಟು, ಬಾಯಿಗೆ ಒಂದು ತುತ್ತು ಹಾಕಿಕೊಂಡ. ಒಳಗಿನಿಂದ ಬಂದ ಹನುಮಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು, ಬೆಲ್ಲ ಸ್ವಲ್ಪ ಹೆಚ್ಚಾಗಿದೆ ಎಂದಳು. ಆದರೂ ಇನ್ನೊಂದು ತಟ್ಟೆ ಇಸಿದುಕೊಂಡಳು.